ಸಮಾಧಾನಕ್ಕೆ ಒಂದು ಎಳೆತ

ತೊಕ್ಕೊಟ್ಟಿನಲ್ಲಿ ಬಸ್ಸಿಳಿದು ಇಲ್ಯಾಸ್ ಎಲ್ಲಿ ಎಂದು ಕೇಳಿದರೆ, ಯಾವ ಇಲ್ಯಾಸ್ ಎಂದು ತಿರುಗಿ ಕೇಳುತ್ತಾರೆ. ಮೀನಿನ ಇಲ್ಯಾಸ್ ಇದ್ದಾನೆ, ಮೊಬೈಲಿನ ಇಲ್ಯಾಸ್ ಇದ್ದಾನೆ, ದುಬೈಗೆ ಹೋಗಿ ಬಂದ ಮೇಲೆ ಯಾರ ಕೈಗೂ ಸಿಗದ ಇನ್ನೊಬ್ಬ ಇಲ್ಯಾಸ್ ಇದ್ದಾನೆ. ಟೆನ್ಷನ್ ಇಲ್ಯಾಸ್ ಎಂದರೆ ಮಾತ್ರ ರಿಕ್ಷಾದವರು ಮತ್ತೆ ಮಾತಾಡದೆ ಉಳ್ಳಾಲ ರಸ್ತೆಯ ಒಳದಾರಿಗೆ ತಿರುಗಿಸಿ, ತಗಡಿನ ಮಾಡಿನ ಒಂದು ಗ್ಯಾರೇಜಿನ ಎದುರು ಇಳಿಸುತ್ತಾರೆ.

ಆ ಹೆಸರಿನ ಬಗ್ಗೆ ಅವನಿಗೆ ಬೇಸರವಿಲ್ಲ. "ಬೋಲ್ಟಿಗೆ ಟೆನ್ಷನ್ ಇಲ್ಲದಿದ್ರೆ ಎಂಜಿನ್ ನಿಲ್ತದಾ ಸಾಲಿಯಾನ್ರೇ?" ಎಂದು ನನ್ನನ್ನೇ ಕೇಳುತ್ತಾನೆ. ನನ್ನದು ಜಂಕ್ಷನ್ನಿನ ಹತ್ತಿರ ಮೋಟಾರು ಬಿಡಿಭಾಗಗಳ ಅಂಗಡಿ, ಅದರ ಹಿಂದೆಯೇ ಮನೆ. ಇಲ್ಯಾಸ್ ನನ್ನ ಹಳೆಯ ಗಿರಾಕಿ. ಒಂದೇ ಸಾಮಾನಿಗೆ ಮೂರು ಸಲ ಬರುವ ಗಿರಾಕಿ: ಒಮ್ಮೆ ಕೊಳ್ಳಲು, ಒಮ್ಮೆ ನಾನು ಸರಿಯಾದದ್ದನ್ನೇ ಕೊಟ್ಟೆನೇ ಎಂದು ಕೇಳಲು, ಇನ್ನೊಮ್ಮೆ ಹಾಗೆ ಕೇಳಿದ್ದರಿಂದ ನನಗೆ ಬೇಜಾರಾಯಿತೇ ಎಂದು ನೋಡಲು.

ಅವನ ಗ್ಯಾರೇಜಿನ ಶಟರಿನ ಬೀಗದ ಕಥೆ ಊರಿಗೇ ಗೊತ್ತು. ಬೀಗ ಹಾಕಿ ಎಳೆದು ನೋಡುತ್ತಾನೆ. ಮಸೀದಿಯ ತಿರುವಿನವರೆಗೆ ಹೋಗಿ ವಾಪಸು ಬಂದು ಮತ್ತೊಮ್ಮೆ ಎಳೆದು ನೋಡುತ್ತಾನೆ. ಕಳ್ಳರು ಯಾರೂ ಮುಟ್ಟದ ಆ ಬೀಗ ಇವನ ಕೈಯಲ್ಲೇ ಸಡಿಲವಾಗಿ, ಒಂದು ದಿನ ತಾನಾಗಿ ಬಾಯಿ ಬಿಟ್ಟುಕೊಂಡು ನೇತಾಡುತ್ತಿತ್ತು. ಹೊಸ ಬೀಗ ತಂದ. ಅದಕ್ಕೂ ಅದೇ ಮರ್ಯಾದೆ.

ಬೇರೆ ಮೆಕ್ಯಾನಿಕ್ಕುಗಳಿಗೆ ಗಾಡಿ ಹೊರಗೆ ಹೋದರೆ ಕೆಲಸ ಮುಗಿಯಿತು. ಇಲ್ಯಾಸನಿಗೆ ಆಗ ಶುರು. ಗಿರಾಕಿ ನೇತ್ರಾವತಿ ಸೇತುವೆ ದಾಟುವಷ್ಟರಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನು ಕೇಳಿ ಫೋನು ಹೋಗಿರುತ್ತದೆ: "ಹೀಟ್ ಎಷ್ಟು ಉಂಟು? ಮುಳ್ಳು ಮಧ್ಯದಲ್ಲಿ ಉಂಟಲ್ಲ?" ಕೊಡಿಯಾಲ್‌ಬೈಲಿನ ಒಬ್ಬರು ವಕೀಲರು ತಮ್ಮ ಫೋನಿನಲ್ಲಿ ಅವನ ಹೆಸರನ್ನು 'ಹೀಟ್' ಎಂದೇ ಬರೆದಿಟ್ಟುಕೊಂಡಿದ್ದಾರೆ. ಕೋರ್ಟಿನಲ್ಲಿ ಫೋನು ಅಲುಗಿದರೆ, ಅಲ್ಲೇ ಕುಳಿತು ತೆಗೆಯದೆಯೇ 'ಮಧ್ಯದಲ್ಲಿ' ಎಂದು ಮೆಸೇಜು ಹಾಕುತ್ತಾರಂತೆ.

ಇಷ್ಟು ಹೆದರುವವನ ಹತ್ತಿರ ಜನ ಯಾಕೆ ಹೋಗುತ್ತಾರೆ? ಹೆದರುವವನ ಕೈಯಿಂದ ಗಾಡಿ ಸಡಿಲವಾಗಿ ಬರುವುದಿಲ್ಲ ಎಂಬ ನಂಬಿಕೆಯಿಂದ. ನನ್ನ ಅನುಭವದಲ್ಲಿ ಅದು ಹೆಚ್ಚುಕಡಿಮೆ ಸರಿ. ಆ ಹೆಚ್ಚುಕಡಿಮೆಯಲ್ಲಿ 'ಹೆಚ್ಚು' ಎಷ್ಟು ಎಂಬುದೇ ಇಲ್ಲಿಯ ಕಥೆ.

ಇಲ್ಯಾಸ್ ಕೆಲಸ ಕಲಿತದ್ದು ಬೂಬಣ್ಣನ ಹತ್ತಿರ. ಕೊಡಿಯಾಲ್‌ಬೈಲಿನಲ್ಲಿ ಬೂಬಣ್ಣನ ಗ್ಯಾರೇಜಿತ್ತು. ಆಗ ಅಲ್ಲಿ ಗ್ಯಾರೇಜಿಗೆ ಜಾಗ ಸಿಗುತ್ತಿತ್ತು, ಈಗ ಗಾಡಿ ನಿಲ್ಲಿಸಲಿಕ್ಕೂ ಸಿಗುವುದಿಲ್ಲ. ಬೂಬಣ್ಣ ದೊಡ್ಡ ದೇಹದ, ಸಣ್ಣ ಮಾತಿನ ತುಳುವ. ಹಳೆಯ ಜೀಪು, ಹಳೆಯ ಡೀಸೆಲ್ ಕಾರುಗಳೆಂದರೆ ಅವನೇ. ಎಂಜಿನ್ನಿನ ಕೆಳಗಿನ ಅರ್ಧ ಬ್ಲಾಕ್, ಮೇಲಿನ ಮುಚ್ಚಳ ಹೆಡ್, ನಡುವೆ ಕಾಗದದಷ್ಟು ತೆಳ್ಳಗೆ ಒಂದು ಗ್ಯಾಸ್ಕೆಟ್. ಅದರ ಒಂದು ಬದಿ ಬೆಂಕಿ, ಪಕ್ಕದಲ್ಲಿ ನೀರು, ಅದರ ಪಕ್ಕದಲ್ಲಿ ಎಣ್ಣೆ. ಇವು ಮೂರೂ ಒಂದರ ಮನೆಗೆ ಇನ್ನೊಂದು ನುಗ್ಗದ ಹಾಗೆ ನೋಡಿಕೊಳ್ಳುವುದು ಹೆಡ್ಡಿನ ಬೋಲ್ಟುಗಳು. ಅವನ್ನು ಬಿಗಿಯುವುದಕ್ಕೆ ಒಂದು ಕ್ರಮವಿದೆ. ಅಕ್ಕಿರೊಟ್ಟಿ ತಟ್ಟಿದ ಹಾಗೆ ನಡುವಿನಿಂದ ಶುರುಮಾಡಿ ಸುತ್ತು ಹಾಕುತ್ತಾ ಅಂಚಿಗೆ ಬರಬೇಕು. ಅಂಚಿನಿಂದ ಶುರುಮಾಡಿದರೆ ನಡು ಉಬ್ಬುತ್ತದೆ. ಒಂದೇ ಸಲಕ್ಕೆ ಪೂರ್ತಿ ಬಿಗಿಯಬಾರದು. ಎಲ್ಲವನ್ನೂ ಸ್ವಲ್ಪ, ಮತ್ತೆ ಎಲ್ಲವನ್ನೂ ಇನ್ನೂ ಸ್ವಲ್ಪ.

ಬೂಬಣ್ಣನ ಕಾಲದ ಎಂಜಿನ್ನುಗಳಿಗೆ ಇಷ್ಟೂ ಮುಗಿದ ಮೇಲೆ ಇನ್ನೊಂದು ಕೆಲಸವಿತ್ತು. ಎಂಜಿನ್ ಚಾಲು ಮಾಡಿ, ಬಿಸಿ ಮಾಡಿ, ತಣಿಯಲು ಬಿಟ್ಟು, ಆಮೇಲೆ ಎಲ್ಲಾ ಬೋಲ್ಟುಗಳನ್ನು ಕೊನೆಯದಾಗಿ ಒಂದೊಂದು ಸಲ ಎಳೆಯಬೇಕು. ಗ್ಯಾಸ್ಕೆಟ್ ಕುಳಿತ ಮೇಲೆ ಉಳಿಯುವ ಸಡಿಲು ಹೋಗುವುದಕ್ಕೆ. ಪುಸ್ತಕದಲ್ಲಿ ಇದಕ್ಕೆ ಏನೋ ಹೆಸರಿರಬಹುದು. ಬೂಬಣ್ಣನ ಗ್ಯಾರೇಜಿನಲ್ಲಿ ಅದರ ಹೆಸರು 'ಸಮಾಧಾನ'. ಶಿಷ್ಯರು ಕೊನೆಯ ಎಳೆತ ಎಳೆದು ಎದ್ದಾಗ ಬೂಬಣ್ಣ ಬೀಡಿಯ ಹೊಗೆಯ ಆಚೆಯಿಂದ ಕೇಳುತ್ತಿದ್ದ: "ಸಮಾಧಾನ ಆಂಡಾ?" ಸಮಾಧಾನ ಆಯಿತೇ ಎಂದು. ಅದು ಬೋಲ್ಟಿಗೋ ಹುಡುಗನಿಗೋ ಎಂದು ಯಾರೂ ಕೇಳಿದವರಿಲ್ಲ. ಇಲ್ಯಾಸ್ "ಆಂಡ್" ಎನ್ನುತ್ತಿದ್ದ, ಆಯಿತು ಎಂದು. ಅವನ ಜೀವಮಾನದಲ್ಲಿ ಅವನು ಅನುಮಾನವಿಲ್ಲದೆ ಹೇಳಿದ ಶಬ್ದ ಅದೊಂದೇ ಇರಬೇಕು.

ಆಮೇಲೆ ಹೊಸ ಗಾಡಿಗಳು ಬಂದವು. ಅವುಗಳ ಹೆಡ್ ಬೋಲ್ಟಿನ ಜಾತಿಯೇ ಬೇರೆ. ಮೊದಲು ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ 'ಟಕ್' ಎನ್ನುವವರೆಗೆ ಬಿಗಿಯಬೇಕು. ಆಮೇಲೆ ಉದ್ದ ಹ್ಯಾಂಡಲ್ ಹಾಕಿ ಪ್ರತಿಯೊಂದನ್ನೂ ಕಾಲು ಸುತ್ತು, ಮತ್ತೆ ಕಾಲು ಸುತ್ತು ತಿರುಗಿಸಬೇಕು. ಆ ತಿರುವಿನಲ್ಲಿ ಬೋಲ್ಟು ರಬ್ಬರಿನ ಹಾಗೆ ಒಂದಿಷ್ಟು ಉದ್ದವಾಗಿ, ಆ ಎಳೆತದಲ್ಲೇ ಹೆಡ್ಡನ್ನು ಹಿಡಿದುಕೊಳ್ಳುತ್ತದೆ. ಅಲ್ಲಿಗೆ ಮುಗಿಯಿತು, ಮತ್ತೆ ಮುಟ್ಟಬಾರದು. ಅದರ ಮೇಲೆ ಒಂದು ಎಳೆದರೆ ರಬ್ಬರು ಸತ್ತ ಹಾಗೆ: ನೋಡುವುದಕ್ಕೆ ಬಿಗಿ, ಒಳಗೆ ಹಿಡಿತವಿಲ್ಲ. ಒಮ್ಮೆ ಬಿಚ್ಚಿದರೆ ಮತ್ತೆ ಹಾಕುವಂತಿಲ್ಲ, ಹೊಸದೇ ತರಬೇಕು. ವ್ಯಾಪಾರಿಯಾಗಿ ನನಗೆ ಇಂಥ ಬೋಲ್ಟಿನ ಮೇಲೆ ತುಂಬಾ ಗೌರವ.

ಇಲ್ಯಾಸ್ ಇದನ್ನೆಲ್ಲ ಕಲಿತ. ತಲೆಗೆ ಹೋಯಿತು. ಕೈಗೆ ಹೋಗಲಿಲ್ಲ. ಎಲ್ಲಾ ಮುಗಿದು ಹ್ಯಾಂಡಲ್ ಕೆಳಗಿಡುವ ಹೊತ್ತಿಗೆ ಅವನ ಬಲಗೈ ಬೂಬಣ್ಣನ ಗ್ಯಾರೇಜಿಗೆ ಹೋಗಿಬಿಡುತ್ತಿತ್ತು. ಒಂದು ದಿನ ಮಧ್ಯಾಹ್ನ ಉದ್ದ ಹ್ಯಾಂಡಲನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದ.

"ಇದನ್ನು ಇಲ್ಲಿ ಇಡಿ ಸಾಲಿಯಾನ್ರೇ. ನಾಳೆ ಕೊಟ್ರೆ ಸಾಕು."

"ಎಂತಕ್ಕೆ? ಮುರಿದಿದೆಯಾ?"

"ಇಲ್ಲ. ಸರಿ ಉಂಟು. ಅದೇ ಪ್ರಾಬ್ಲಮ್."

ಅಂದಿನಿಂದ ಅದು ಪದ್ಧತಿ. ಹೆಡ್ ಬಿಗಿದು ಮುಗಿದ ತಕ್ಷಣ ಹ್ಯಾಂಡಲ್ ನನ್ನ ಕಪಾಟಿಗೆ. ಮೇಲಿನ ಕವರ್ ಹಾಕಿ, ಎಂಜಿನ್ ಓಡಿಸಿ, ಗಾಡಿ ಮನೆ ಸೇರಿದ ಮೇಲೆ ವಾಪಸು. ಕುಡಿಯುವವನು ಬಾಟಲಿಯನ್ನು ನೆರೆಮನೆಯಲ್ಲಿ ಇಟ್ಟ ಹಾಗೆ. ನಾನು ಎಷ್ಟೋ ಸಲ ತಮಾಷೆ ಮಾಡಿದ್ದೇನೆ. ಆದರೂ ಕಪಾಟಿಗೆ ಬೀಗ ಹಾಕುತ್ತೇನೆ. ಯಾಕೆಂದರೆ ಮೊದಮೊದಲು ಅವನು ಅರ್ಧ ಗಂಟೆಯಲ್ಲಿ ತಿರುಗಿ ಬಂದು, "ಸುಮ್ನೆ ಒಮ್ಮೆ ಕೊಡಿ, ಬೇರೆ ಕೆಲಸಕ್ಕೆ" ಎನ್ನುತ್ತಿದ್ದ.

ಇಷ್ಟು ಪೀಠಿಕೆ. ಇನ್ನು ಅಳಿಯನ ಕಾರು.

ಇಲ್ಯಾಸನ ಒಬ್ಬಳೇ ಮಗಳು ಶಹನಾಝ್. ಕಾಟಿಪಳ್ಳದ ಸಫ್ವಾನನಿಗೆ ಮದುವೆ ಮಾಡಿಕೊಟ್ಟಿದ್ದ. ಬ್ಯಾರಿಗಳಲ್ಲಿ ಅಳಿಯನಿಗೆ ಪುದಿಯಾಪ್ಲೆ ಎನ್ನುತ್ತಾರೆ, ಹೊಸ ಮದುಮಗ ಎಂದು. ಮದುವೆಯಾಗಿ ವರ್ಷಗಳಾದರೂ ಅವನು ಹೊಸಬನೇ, ಮನೆಗೆ ಬಂದರೆ ಕೋಳಿಯ ಆಯಸ್ಸು ಮುಗಿಯಿತು ಎಂದೇ ಲೆಕ್ಕ. ಸಫ್ವಾನ್ ಒಳ್ಳೆಯ ಹುಡುಗ, ಸುರತ್ಕಲ್ಲಿನಲ್ಲಿ ಚಪ್ಪಲಿ ಅಂಗಡಿ. ಹೆದರಬೇಕಾದದ್ದು ಅವನ ತಾಯಿ ಅಲೀಮಮ್ಮನಿಗೆ. ಸಣ್ಣ ಆಕಾರ, ಬಿಳಿ ದುಪಟ್ಟ, ಮತ್ತು ಇದ್ದದ್ದನ್ನು ಇದ್ದ ಹಾಗೆ ಹೇಳುವ ಬಾಯಿ. ಮದುವೆಯ ದಿನ ಊಟ ಮುಗಿಸಿ, "ಬಿರಿಯಾನಿ ಚೆನ್ನಾಗಿತ್ತು ಇಲ್ಯಾಸಾಕ, ಆದ್ರೆ ನೀವು ಎಲೆ ಎಲೆಗೂ ಬಂದು ಸರಿ ಉಂಟಾ ಅಂತ ಕೇಳಿದ ಮೇಲೆ ನಮಗೆಲ್ಲ ಒಂದು ಅನುಮಾನ ಬಂತು" ಎಂದಿದ್ದರು.

ಸಫ್ವಾನನ ಡೀಸೆಲ್ ಕಾರು ಒಂದು ಮಧ್ಯಾಹ್ನ ಪಂಪ್‌ವೆಲ್ಲಿನ ಟ್ರಾಫಿಕ್ಕಿನಲ್ಲಿ ಕಾದು ಕಾದು, ಬಾನೆಟ್ಟಿನ ಸಂದಿನಿಂದ ಹೊಗೆ ಬಿಟ್ಟು ನಿಂತಿತು. ಇಲ್ಯಾಸನ ಗ್ಯಾರೇಜಿಗೆ ಎಳೆದು ತಂದರು. ಹೆಡ್ ಬಾಗಿತ್ತು, ರಿಂಗುಗಳು ಹೋಗಿದ್ದವು. ಇಡೀ ಎಂಜಿನ್ನೇ ಬಿಚ್ಚಬೇಕಾಯಿತು. ಲೇತಿಗೆ ಕಳಿಸಿ ಹೆಡ್ಡಿನ ಮುಖ ಮಟ್ಟ ಮಾಡಿಸಿದ. ರಿಂಗು, ಬೇರಿಂಗು, ಗ್ಯಾಸ್ಕೆಟ್, ಹತ್ತು ಹೊಸ ಹೆಡ್ ಬೋಲ್ಟು ಎಲ್ಲವೂ ನನ್ನಲ್ಲಿಂದಲೇ ಹೋದವು. ಪ್ರತಿಯೊಂದಕ್ಕೂ ಮೂರು ಸಲ ಬಂದ.

ಅವಸರವೂ ಇತ್ತು. ಮೂಡಿಗೆರೆಯಲ್ಲಿ ಅಲೀಮಮ್ಮನ ತಮ್ಮನ ಮಗನ ಮದುವೆ. ಆದಿತ್ಯವಾರ ಬೆಳಗ್ಗೆ ಸಫ್ವಾನ್, ಶಹನಾಝ್, ಅಲೀಮಮ್ಮ ಮೂವರೂ ಇದೇ ಕಾರಿನಲ್ಲಿ ಚಾರ್ಮಾಡಿ ಘಾಟಿ ಹತ್ತಿ ಹೋಗುವುದೆಂದು ತೀರ್ಮಾನವಾಗಿತ್ತು. ಬಿಚ್ಚಿ ಜೋಡಿಸಿದ ಎಂಜಿನ್ನನ್ನು ಮೊದಲ ವಾರವೇ ಘಾಟಿ ಹತ್ತಿಸುವುದು ಬೇಡ, ಬಸ್ಸಿನಲ್ಲಿ ಹೋಗಿ ಎಂದು ಇಲ್ಯಾಸ್ ಹೇಳಿಸಿದ. ಅಲೀಮಮ್ಮ ಫೋನಿನಲ್ಲೇ ನಕ್ಕರು. "ಮೆಕ್ಯಾನಿಕ್ಕಿನ ಮಗಳನ್ನು ತಂದದ್ದು ಬಸ್ಸಿಗೆ ಹೋಗ್ಲಿಕ್ಕಾ?"

ಅಂತೂ ಶನಿವಾರ ಹೆಡ್ ಬಿಗಿದ. ಶನಿವಾರವೇ ನನ್ನ ಅಂಗಡಿ ಮುಚ್ಚಿತ್ತು. ಹೆಂಡತಿಯ ಕಡೆಯವರೊಬ್ಬರ ಬೊಜ್ಜದ, ಎಂದರೆ ಉತ್ತರಕ್ರಿಯೆಯ, ಊಟಕ್ಕೆ ನಾವು ಕಾರ್ಕಳಕ್ಕೆ ಹೋಗಿದ್ದೆವು. ಹೋಗುವ ಮೊದಲು ಅವನಿಗೆ ತಿಳಿಸಿಯೂ ಇದ್ದೆ.

ಆದಿತ್ಯವಾರ ಬೆಳಗ್ಗೆ ನಾನು ಚಾವಡಿಯಲ್ಲಿ ಕುಳಿತು ಪೇಪರ್ ಬಿಡಿಸುತ್ತಿರುವಾಗ ಗೇಟಿನ ಶಬ್ದವಾಯಿತು. ಇಲ್ಯಾಸ್. ಕೈಯಲ್ಲಿ ಪೇಪರು ಸುತ್ತಿದ ಹ್ಯಾಂಡಲ್.

"ಇದನ್ನು ಇಡಿ ಸಾಲಿಯಾನ್ರೇ."

"ಗಾಡಿ ಹೋಯ್ತಾ?"

"ಹೋಯ್ತು. ಮುಕ್ಕಾಲು ಗಂಟೆ ಆಯ್ತು."

"ಮತ್ತೆ ಇದು ಎಂತಕ್ಕೆ ಮಾರಾಯ? ಮಕ್ಕಳಾದ ಮೇಲೆ ಹೆಣ್ಣು ನೋಡ್ಲಿಕ್ಕೆ ಬಂದ ಹಾಗೆ ಬಂದಿದ್ದಿ."

ಅವನು ನಗಲಿಲ್ಲ. ಹ್ಯಾಂಡಲನ್ನು ನನ್ನ ಕಾಲ ಬುಡದಲ್ಲಿಟ್ಟು, ಅದರಿಂದ ಎರಡು ಮಾರು ದೂರ ಹೋಗಿ ಕುಳಿತ.

"ನಿನ್ನೆ ನಿಮ್ಮ ಅಂಗಡಿ ಬಂದ್ ಇತ್ತು. ಇದು ನನ್ನ ಕೈಯಲ್ಲೇ ಉಳೀತು."

ನನಗೆ ಅರ್ಥವಾಯಿತು. ಪೇಪರು ಮಡಿಸಿದೆ. "ಎಷ್ಟು ಬೋಲ್ಟಿಗೆ ಸಮಾಧಾನ ಕೊಟ್ಟೆ?"

"ಒಂದೇ. ಅಲ್ಲಾನ ಆಣೆಗೂ ಒಂದೇ. ಡ್ರೈವರ್ ಸೈಡಿನ ಮೂಲೆಯದ್ದು. ಎಲ್ಲ ಮುಗಿದಿತ್ತು ಸಾಲಿಯಾನ್ರೇ. ಬೋಲ್ಟಿನ ತಲೆಗೆಲ್ಲ ಬಿಳಿ ಪೈಂಟಿನ ಗುರುತು ಹಾಕಿದ್ದೆ, ಹತ್ತಕ್ಕೆ ಹತ್ತೂ ಒಂದೇ ಕಡೆ ನೋಡಿ ನಿಂತಿತ್ತು. ಹ್ಯಾಂಡಲ್ ತಕ್ಕೊಂಡು ನಿಮ್ಮಲ್ಲಿಗೆ ಹೊರಟೆ. ಬಾಗಿಲಿಗೆ ಬರುವಾಗ ನೀವು ಇಲ್ಲ ಅಂತ ನೆನಪಾಯ್ತು. ವಾಪಸ್ ಹೋದೆ. ಶಹನಾಝ್ ಕೂತ್ಕೊಳ್ಳುವ ಗಾಡಿ ಅಲ್ವಾ ಅಂತ ಒಂದು ಯೋಚನೆ ಬಂತು. ಯೋಚನೆ ಮುಗಿಯುವಾಗ ಕೈ ಎಳೆದಾಗಿತ್ತು."

"ಬಿಗಿ ಬಂತಾ?"

ಅವನು ತನ್ನ ಅಂಗೈಯನ್ನು ನೋಡಿಕೊಂಡ. "ಅದೇ. ಬಿಗಿ ಏರಲಿಲ್ಲ. ಬೆಣ್ಣೆಯಲ್ಲಿ ಚಮಚ ತಿರುಗಿಸಿದ ಹಾಗೆ ಮೆತ್ತಗೆ ಬಂತು."

ಬೋಲ್ಟು ಮಾರುವವನಿಗೆ ಅಷ್ಟು ಸಾಕು. ಮೆತ್ತಗೆ ಬಂದ ಬೋಲ್ಟು ಸೋತ ಬೋಲ್ಟು.

"ಆಗಲೇ ತೆಗೆದು ಬೇರೆ ಹಾಕಬಾರದಿತ್ತಾ?"

"ನಿಮ್ಮಲ್ಲಿ ಬಂದ್. ಪಂಪ್‌ವೆಲ್ ಕಡೆ ಹೋಗಿ ತರಬಹುದಿತ್ತು. ಆದ್ರೆ ಒಂದು ಸಡಿಲ ಮಾಡಿದ್ರೆ ಎಲ್ಲ ಬಿಚ್ಚಬೇಕು, ಗ್ಯಾಸ್ಕೆಟೂ ಹೊಸತು ಹಾಕಬೇಕು. ಬೆಳಗ್ಗೆ ಗಾಡಿ ಹೊರಡುವುದಿಲ್ಲ. ಅಲೀಮಮ್ಮ ಇಡೀ ಮೂಡಿಗೆರೆಗೆ ಹೇಳ್ತಾರೆ. ಮತ್ತೆ ಸಾಯಂಕಾಲ ಸ್ಟಾರ್ಟ್ ಮಾಡಿದೆ, ಚಂದ ಓಡ್ತು. ನನ್ನದು ಯಾವಾಗ್ಲೂ ಇರುವ ಟೆನ್ಷನ್ನೇ ಇರಬೇಕು ಅಂತ ನಾನೇ ನನಗೆ ಹೇಳಿಕೊಂಡೆ."

ಅವನ ಕಷ್ಟ ನೋಡಿ. ಪ್ರತಿದಿನ ಹುಲಿ ಬಂತು ಎನ್ನುವವನಿಗೆ ನಿಜವಾದ ಹುಲಿ ಬಂದ ದಿನ ಊರವರು ನಂಬುವುದಿಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಇವನು ತನ್ನನ್ನು ತಾನೇ ನಂಬಿರಲಿಲ್ಲ.

"ಫೋನ್ ಮಾಡು" ಎಂದೆ.

ಮಾಡಿದ. ಶಹನಾಝ್ ಎತ್ತಿದಳು. ಸ್ಪೀಕರಿನಲ್ಲಿತ್ತು, ಗಾಳಿಯ ಶಬ್ದ, ಹಿಂದಿನಿಂದ ಯಾವುದೋ ಲಾರಿಯ ಹಾರ್ನ್ ಕೇಳುತ್ತಿತ್ತು. ಇಲ್ಯಾಸ್ ಕೇಳಿದ್ದು ಅದನ್ನೇ: "ಹೀಟ್ ಎಷ್ಟು ಉಂಟು ಮೋಳೆ?"

ಆ ಕಡೆ ಮೂವರೂ ಒಟ್ಟಿಗೆ ನಕ್ಕರು.

"ಮಧ್ಯದಲ್ಲಿ ಉಂಟು ಉಪ್ಪಾ. ಬಿ.ಸಿ.ರೋಡ್ ದಾಟಿದೆವು."

"ಗಾಡಿ ಸೈಡಿಗೆ ಹಾಕಿ ಒಮ್ಮೆ..."

"ಮಾಮಾ," ಸಫ್ವಾನನ ದನಿ, "ಗಾಡಿ ಬೆಣ್ಣೆಯ ಹಾಗೆ ಹೋಗ್ತಾ ಉಂಟು. ನೀವು ಚಾ ಕುಡಿದು ಮಲಗಿ."

ಬೆಣ್ಣೆ ಎಂದದ್ದು ಕೇಳಿ ಇಲ್ಯಾಸ್ ಮತ್ತೆ ತನ್ನ ಅಂಗೈಯನ್ನು ನೋಡಿಕೊಂಡ. ಫೋನು ಕಟ್ಟಾಯಿತು.

"ಬೋಲ್ಟಿನ ವಿಷಯ ಯಾಕೆ ಹೇಳಲಿಲ್ಲ?"

"ಸ್ಪೀಕರಲ್ಲಿ ಹಾಕಿದ್ದಾರೆ ಸಾಲಿಯಾನ್ರೇ. ಬೀಗಿತ್ತಿ ಕೂತಿದ್ದಾರೆ. ಫೋನಲ್ಲಿ ಹೇಳುವ ವಿಷಯವಾ ಅದು?"

ಮತ್ತೊಮ್ಮೆ ಮಾಡಿಸಿದೆ. ಈ ಸಲ ಅಲೀಮಮ್ಮನೇ ಎತ್ತಿ, "ಮಧ್ಯದಲ್ಲಿ" ಎಂದು ಒಂದೇ ಮಾತು ಹೇಳಿ ಇಟ್ಟರು. ಮೂರನೆಯ ಸಲಕ್ಕೆ ರಿಂಗಾಯಿತು, ಯಾರೂ ಎತ್ತಲಿಲ್ಲ. ಮಗಳಿಗೆ ಮೆಸೇಜು ಹಾಕಿದ, ಗಾಡಿ ನಿಲ್ಲಿಸಿ ಎಂದು. ಅವಳು ನಗುವ ಮುಖದ ಒಂದು ಗೊಂಬೆ ಕಳಿಸಿ, ಕೆಳಗೆ ಬರೆದಳು: 'ಗುರುವಾಯನಕೆರೆಯಲ್ಲಿ ಮಾಮಿಯ ತಂಗಿ ಮನೆಗೆ ಹೋಗಿ ಮತ್ತೆ ಘಾಟಿ. ಟೆನ್ಷನ್ ಬೇಡ ಉಪ್ಪಾ.'

ಘಾಟಿಯಲ್ಲಿ ಫೋನು ಸಿಗುವುದಿಲ್ಲ. ತಿರುವುಗಳಲ್ಲಿ ಏರುವಾಗ ಎಂಜಿನ್ನಿನ ಮೇಲೆ ಭಾರ ಬೀಳುತ್ತದೆ, ಹೆಡ್ಡನ್ನು ಒಳಗಿನಿಂದ ತಳ್ಳುತ್ತದೆ. ಒಂಬತ್ತು ಬೋಲ್ಟು ಹಿಡಿದು ಒಂದು ಬಿಟ್ಟರೆ ಆ ಮೂಲೆಯಲ್ಲಿ ಗ್ಯಾಸ್ಕೆಟ್ ಹೋಗುತ್ತದೆ. ಹೋದರೆ ನೀರು ಹೋಗುತ್ತದೆ. ನೀರು ಹೋದದ್ದು ಮುಳ್ಳಿಗೆ ಗೊತ್ತಾಗುವಷ್ಟರಲ್ಲಿ ಎಂಜಿನ್ ಜಾಮಾಗಿ ಹಿಡಿದುಕೊಂಡಿರುತ್ತದೆ. ಒಂದು ಬದಿ ಬಂಡೆ, ಒಂದು ಬದಿ ಪ್ರಪಾತ, ಹಿಂದೆ ಲಾರಿ. ನಾನು ಒಳಗೆ ಹೋಗಿ ಕಾರಿನ ಕೀ ತಂದೆ.

ಟೆನ್ಷನ್ ಇಲ್ಯಾಸನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಓಡಿಸುವುದೆಂದರೆ ಪರೀಕ್ಷೆಗೆ ಕೂತ ಹಾಗೆ. ಪಂಪ್‌ವೆಲ್ ದಾಟುವಾಗ ನನ್ನ ಕ್ಲಚ್ಚು ಜಾರುತ್ತಿದೆ ಎಂದ. ಫರಂಗಿಪೇಟೆಯಲ್ಲಿ ಮುಂದಿನ ಎಡದ ಚಕ್ರದಲ್ಲಿ ಶಬ್ದ ಉಂಟು ಎಂದ. ಬಿ.ಸಿ.ರೋಡಿನಿಂದ ಆಚೆ ರಸ್ತೆ ಕೆಲಸ, ಧೂಳು, ಎದುರಿನಿಂದ ಒಂದೇ ಸಾಲು ಬಿಡುತ್ತಿದ್ದರು. ಅಲ್ಲಿ ನಿಂತಾಗ ಅವನು ಎಂಜಿನ್ನುಗಳ ಬಗ್ಗೆ ಮಾತು ನಿಲ್ಲಿಸಿದ. ಅವನು ಸುಮ್ಮನಾದದ್ದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕುಳಿತಿದ್ದ, ತಂಟೆ ಮಾಡಿದ ಮಗುವನ್ನು ಹಿಡಿದಿಟ್ಟ ಹಾಗೆ.

"ಅವರು ಅಲ್ಲಿಂದ ಹೊರಟಿದ್ರೆ?" ಎಂದ ಒಮ್ಮೆ.

"ತಂಗಿಯ ಮನೆಗೆ ಹೋದ ಹೆಂಗಸು ಅಷ್ಟು ಬೇಗ ಹೊರಡ್ತಾಳಾ? ನಿನಗೆ ಎಂಜಿನ್ ಮಾತ್ರ ಗೊತ್ತಿರುವುದು."

ಧೈರ್ಯಕ್ಕೆ ಹೇಳಿದ್ದು. ಮಡಂತ್ಯಾರು ದಾಟಿದ ಮೇಲೆ ನಾನೇ ಎದುರು ಬರುವ, ಮುಂದೆ ಹೋಗುವ ಸಫ್ವಾನನದರ ಹಾಗಿನ ಬೂದು ಬಣ್ಣದ ಪ್ರತಿ ಕಾರನ್ನೂ ನೋಡತೊಡಗಿದ್ದೆ. ಹೊಗೆ ಕಂಡರೆ ಸಾಕು, ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಅದು ಯಾರೋ ತರಗೆಲೆ ಸುಡುವ ಹೊಗೆ.

ಗುರುವಾಯನಕೆರೆಯ ಆ ಮನೆಯ ಅಂಗಳದಲ್ಲಿ ಕಾರು ನಿಂತಿತ್ತು. ಸಾಮಾನು ಡಿಕ್ಕಿಗೆ ಹಾಕಿ ಮುಗಿದಿತ್ತು. ಸಫ್ವಾನ್ ಬಾಗಿಲು ತೆಗೆದು ಕೂರುವುದರಲ್ಲಿದ್ದ. ನಮ್ಮನ್ನು ಕಂಡು ಎಲ್ಲರೂ ನಿಂತಲ್ಲೇ ನಿಂತರು. ಶಹನಾಝ್ ಓಡಿ ಬಂದಳು. "ಉಪ್ಪಾ! ಉಮ್ಮನಿಗೆ ಎಂತ ಆಯ್ತು?"

"ಉಮ್ಮನಿಗೆ ಎಂತ ಇಲ್ಲ. ಬಾನೆಟ್ ತೆಗಿ ಸಫ್ವಾನ್."

ಅಲೀಮಮ್ಮ ಸೊಂಟದ ಮೇಲೆ ಕೈಯಿಟ್ಟರು. "ಫೋನ್ ಸಾಕಾಗಲಿಲ್ಲ ಅಂತ ಹೀಟ್ ಕೇಳ್ಲಿಕ್ಕೆ ಮಂಗಳೂರಿಂದ ಬಂದ್ರಾ?"

ಯಾರೂ ನಗಲಿಲ್ಲ. ಇಲ್ಯಾಸ್ ಬಾನೆಟ್ ಎತ್ತಿ ರೇಡಿಯೇಟರಿನ ಮೇಲಿನ ರಬ್ಬರ್ ಹೋಸನ್ನು ಹಿಚುಕಿ ನೋಡಿದ. ನಾನೂ ಹಿಚುಕಿದೆ. ಕಲ್ಲಿನ ಹಾಗೆ ಗಟ್ಟಿ. ನಿಂತು ಇಷ್ಟು ಹೊತ್ತಾದ ಮೇಲೆ ಅದು ಮೆತ್ತಗಾಗಬೇಕಿತ್ತು. ಮುಚ್ಚಳವನ್ನು ಬಟ್ಟೆ ಹಿಡಿದು ಮೆಲ್ಲ ಮೆಲ್ಲ ಬಿಟ್ಟು, ಎಂಜಿನ್ ಚಾಲು ಮಾಡಲು ಹೇಳಿದ. ರೇಡಿಯೇಟರಿಗೆ ಸೇರಿದ ನೀರಿನ ಬಾಟಲಿಯಲ್ಲಿ ಗುಳ್ಳೆ ಬಂತು. ಒಂದ್ಸಲ ನಿಂತು ಮತ್ತೆ ಬಂತು. ಗಂಜಿ ಕುದಿಯಲು ಶುರುವಾಗುವಾಗ ಬರುತ್ತದಲ್ಲ, ಹಾಗೆ. ಸಿಲಿಂಡರಿನ ಗಾಳಿ ನೀರಿಗೆ ಬರುತ್ತಿತ್ತು. ಬೆಂಕಿ ಆಗಲೇ ಪಕ್ಕದ ಮನೆಗೆ ಇಣುಕಿತ್ತು.

"ಆಫ್ ಮಾಡು" ಎಂದ ಇಲ್ಯಾಸ್.

ಸಫ್ವಾನನಿಗೆ ಗಾಡಿಯ ವಿಷಯ ಅಷ್ಟಿಷ್ಟು ಗೊತ್ತು. ಗುಳ್ಳೆ ನೋಡಿ ಅವನ ಮುಖವೂ ಸಪ್ಪೆಯಾಯಿತು. ಆದರೆ ಮಾವನನ್ನು ತಾಯಿಯ ಎದುರು ಬಿಟ್ಟುಕೊಡುವ ಹುಡುಗನಲ್ಲ. ನನ್ನ ಕಡೆ ನೋಡದೆ ಹೇಳಿದ: "ಗ್ಯಾಸ್ಕೆಟ್ ಡೂಪ್ಲಿಕೇಟ್ ಇರಬೇಕು ಮಾಮಾ. ಈಗೆಲ್ಲ ಸಾಮಾನು ಹಾಗೇ ಅಲ್ವಾ ಬರುವುದು?"

ಅಂಗಳದಲ್ಲಿದ್ದ ಎಲ್ಲರೂ ನನ್ನನ್ನು ನೋಡಿದರು. ಸಾಮಾನು ಕೊಟ್ಟವನು ನಾನೇ ಎಂದು ಅಲೀಮಮ್ಮನಿಗೂ ಗೊತ್ತಿತ್ತು. ಇಲ್ಯಾಸನಿಗೆ ಅಳಿಯ ಬಾಗಿಲು ತೆರೆದು ಕೊಟ್ಟಿದ್ದ. ಹೌದು ಎಂದರೆ ಸಾಕು, ಅಷ್ಟೂ ಬೇಡ, ತಲೆ ಆಡಿಸಿದರೆ ಸಾಕು. ನನ್ನ ಅಂಗಡಿಯ ಹೆಸರು ಕಾಟಿಪಳ್ಳದಿಂದ ಮೂಡಿಗೆರೆಯವರೆಗೆ ಹೋಗುತ್ತಿತ್ತು, ಅವನ ಮರ್ಯಾದೆ ಉಳಿಯುತ್ತಿತ್ತು. ನಾನು ಬಾಯಿ ತೆರೆದರೆ ಜಗಳ. ಸುಮ್ಮನೆ ನಿಂತೆ. ದೊಡ್ಡತನದಿಂದ ಅಂದುಕೊಳ್ಳಬೇಡಿ. ಏನು ಹೇಳಬೇಕೆಂದು ಹೊಳೆಯಲಿಲ್ಲ.

ಇಲ್ಯಾಸ್ ಬಟ್ಟೆಯಲ್ಲಿ ಕೈ ಒರಸಿಕೊಂಡ. ಒರಸಿದ್ದನ್ನೇ ಮತ್ತೆ ಒರಸಿದ.

"ಸಾಮಾನು ಸರಿ ಉಂಟು. ಕೈ ನನ್ನದು" ಎಂದ. "ಒಂದು ಬೋಲ್ಟನ್ನು ನಾನು ಜಾಸ್ತಿ ಎಳೆದಿದ್ದೇನೆ. ಎಳೆಯಬಾರದು ಅಂತ ಗೊತ್ತಿದ್ದೂ ಎಳೆದೆ. ನಿನ್ನೆಯೇ ಹೇಳಬೇಕಿತ್ತು, ಹೇಳಲಿಲ್ಲ. ಇದರಲ್ಲಿ ಘಾಟಿ ಹತ್ತಬೇಡಿ."

ಕೋಳಿಯೊಂದು ಕಾರಿನ ಕೆಳಗಿನಿಂದ ಹೊರಗೆ ಬಂದು ನಮ್ಮನ್ನೆಲ್ಲ ನೋಡಿ ವಾಪಸು ಹೋಯಿತು. ಶಹನಾಝ್ ತಂದೆಯ ತೋಳು ಹಿಡಿದುಕೊಂಡಳು. ಅಲೀಮಮ್ಮ ಹತ್ತಿರ ಬಂದರು.

"ಗೊತ್ತಿದ್ದೂ ಎಂತಕ್ಕೆ ಎಳೆದದ್ದು?"

"ಮಗಳು ಕೂತ್ಕೊಳ್ಳುವ ಗಾಡಿ ಅಲ್ವಾ" ಎಂದ ಇಲ್ಯಾಸ್, ನೆಲಕ್ಕೆ.

ಅಲೀಮಮ್ಮ ಸ್ವಲ್ಪ ಹೊತ್ತು ಎಂಜಿನ್ನನ್ನೇ ನೋಡಿದರು, ಸಾರಿನ ಪಾತ್ರೆಗೆ ಇಣುಕಿದ ಹಾಗೆ. "ನೀವು ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬಂದ ದಿನ ನೆನಪುಂಟಾ ಇಲ್ಯಾಸಾಕ? ಮೀನು ಸಾರು ಉಪ್ಪು ಉಪ್ಪು ಆಗಿತ್ತು. ನೀವು ಚೆನ್ನಾಗುಂಟು ಅಂತ ಎರಡು ಸಲ ಹಾಕಿಸ್ಕೊಂಡ್ರಿ."

"ಹ್ಞಾಂ."

"ಹೊಸ ಬೀಗರು ಬರ್ತಾರೆ ಅಂತ ಹೆದರಿ, ಹಾಕಿದ ಉಪ್ಪಿನ ಮೇಲೆ ಮತ್ತೆ ಹಾಕಿದ್ದೆ. ನೀವು ಹೇಳಲಿಲ್ಲ, ನಾನೂ ಹೇಳಲಿಲ್ಲ." ದುಪಟ್ಟ ಸರಿಮಾಡಿಕೊಂಡರು. "ಆದ್ರೆ ಉಪ್ಪು ಜಾಸ್ತಿಯಾದ್ರೆ ಘಾಟಿಯಲ್ಲಿ ಯಾರೂ ಸಾಯುವುದಿಲ್ಲ. ಇನ್ನು ಮೇಲೆ ಅದೇ ದಿನ ಹೇಳಿ, ಬೈದು ಮುಗಿಸ್ತೇನೆ."

ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ಕಾರಿನ ಬೋಲ್ಟು ಯಾರು ಹಾಕಿದ್ದು?"

"ಕಂಪೆನಿಯವರು."

"ಹಾಗಾದ್ರೆ ಕೀ ಕೊಡಿ."

ಹೀಗೆ ನನ್ನ ಕಾರು ನಾನು ನೋಡದ ಮದುವೆಗೆ ಘಾಟಿ ಹತ್ತಿ ಹೋಯಿತು. ನಾನೂ ಇಲ್ಯಾಸನೂ ಸಫ್ವಾನನ ಕಾರನ್ನು ಒಂದು ಪಿಕಪ್ಪಿಗೆ ಕಟ್ಟಿಸಿಕೊಂಡು ಎತ್ತಿನ ಗಾಡಿಯ ವೇಗದಲ್ಲಿ ತೊಕ್ಕೊಟ್ಟಿಗೆ ಬಂದೆವು. ಹಗ್ಗದ ಗಂಟನ್ನು ಅವನು ದಾರಿಯಲ್ಲಿ ಎಷ್ಟು ಸಲ ಇಳಿದು ನೋಡಿದ ಎಂದು ಕೇಳಬೇಡಿ. ಪಿಕಪ್ಪಿನ ಡ್ರೈವರ್ ಕೊನೆಗೆ, "ಇವರಿಗೆ ಎಂತ ಸಮಸ್ಯೆ?" ಎಂದು ನನ್ನ ಕಿವಿಯಲ್ಲಿ ಕೇಳಿದ.

ಮರುದಿನ ಹೆಡ್ ಬಿಚ್ಚಿದ. ಹತ್ತು ಬೋಲ್ಟುಗಳನ್ನೂ ತಂದು ನನ್ನ ಕೌಂಟರಿನ ಮೇಲೆ ಪೇಪರು ಹಾಸಿ ಸಾಲಾಗಿ ಮಲಗಿಸಿದ. ಒಂಬತ್ತು ಒಂದೇ ಉದ್ದ. ಮೂಲೆಯದ್ದು ಉಗುರಿನ ದಪ್ಪದಷ್ಟು ಹೆಚ್ಚು ಉದ್ದ. ಸಾಲದ್ದಕ್ಕೆ ತಿರುಪಿನ ಗೆರೆಗಳಿಗಿಂತ ಸ್ವಲ್ಪ ಮೇಲೆ ಅದಕ್ಕೊಂದು ಸೊಂಟ ಬಂದಿತ್ತು, ಹಿಂಡಿದ ಹಾಗೆ ಸಪೂರ. ಘಾಟಿಯ ಕೆಲವು ತಿರುವು ಹತ್ತಿದ್ದರೆ ಅಲ್ಲೇ ಎರಡಾಗುತ್ತಿತ್ತು.

ಇಲ್ಯಾಸ್ ಅದನ್ನು ಬೆಳಕಿಗೆ ಹಿಡಿದು ನೋಡಿದ. ಅವನ ಮುಖ ನಿಧಾನವಾಗಿ ಅರಳಿತು. ಅಷ್ಟು ಸಂತೋಷದಲ್ಲಿ ಅವನನ್ನು ಮಗಳ ಮದುವೆಯ ದಿನವೂ ನಾನು ಕಂಡಿರಲಿಲ್ಲ.

"ನೋಡಿದ್ರಾ ಸಾಲಿಯಾನ್ರೇ? ಉಂಟು! ನಿಜವಾಗಿ ಉಂಟು!"

ಪಾಪ, ಇಷ್ಟು ವರ್ಷ ಹೆದರಿದ್ದಕ್ಕೆ ಅವನಿಗೆ ಸಿಕ್ಕಿದ ಮೊದಲ ಸಾಕ್ಷಿ ಅದು. ಆ ಬೋಲ್ಟನ್ನು ಅವನು ಎಸೆಯಲಿಲ್ಲ. ಈಗ ಅದು ಗ್ಯಾರೇಜಿನ ಗೋಡೆಯಲ್ಲಿ ಮೊಳೆಗೆ ನೇತಾಡುತ್ತಿದೆ. ಯಾರಾದರೂ ಟೆನ್ಷನ್ ಎಂದು ನಕ್ಕರೆ ಬೆರಳು ತೋರಿಸುತ್ತಾನೆ.

ಹೊಸ ಬೋಲ್ಟು, ಹೊಸ ಗ್ಯಾಸ್ಕೆಟ್ ತೆಗೆದುಕೊಂಡು ಹೋದ. ಮೂರು ಸಲ ಬಂದ. ತೂತುಗಳೊಳಗೆ ಗಾಳಿ ಹೊಡೆದು, ಒಂದು ತೊಟ್ಟು ಎಣ್ಣೆಯೂ ತಳದಲ್ಲಿ ನಿಲ್ಲದ ಹಾಗೆ ಒರಸಿ, ನಡುವಿನಿಂದ ಅಂಚಿಗೆ ಸುತ್ತು ಬಂದು, ಟಕ್ ಎನ್ನಿಸಿ, ಕಾಲು ಸುತ್ತು, ಮತ್ತೆ ಕಾಲು ಸುತ್ತು. ಇದಿಷ್ಟನ್ನೂ ಅಳಿಯನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿದನಂತೆ. ಕೊನೆಯದು ಮುಗಿದದ್ದೇ, ಎಣ್ಣೆ ಕೈಯಲ್ಲೇ ಹ್ಯಾಂಡಲ್ ಹಿಡಿದು ನನ್ನ ಅಂಗಡಿಗೆ ಹೆಚ್ಚುಕಡಿಮೆ ಓಡಿಕೊಂಡು ಬಂದ. ನಾನು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಗಾಡಿ ಹೋಯಿತು. ನನ್ನ ಕಾರು ಅದಕ್ಕೂ ಮೊದಲೇ ಬಂದಿತ್ತು, ಒಂದು ಡಬ್ಬಿ ಬಿರಿಯಾನಿಯ ಜೊತೆಗೆ. ಮುಂದಿನ ಎಡದ ಚಕ್ರದಲ್ಲಿ ಶಬ್ದ ಇದೆ ಎಂದು ಅಲೀಮಮ್ಮನೂ ಹೇಳಿದರು.

ಸಂಜೆ ಇಲ್ಯಾಸ್ ಬಂದು ನನ್ನ ಬೆಂಚಿನಲ್ಲಿ ಕುಳಿತ. ಫೋನು ಕೈಯಲ್ಲಿತ್ತು, ಮಾಡಿರಲಿಲ್ಲ. ಪಾಪ, ತಡೆದುಕೊಂಡಿದ್ದ. ನಾನು ಬೂಬಣ್ಣನ ಗತ್ತಿನಲ್ಲಿ ಕೇಳಿದೆ, "ಸಮಾಧಾನ ಆಂಡಾ?"

ಅವನು ಬಾಯಿ ತೆರೆದ. ಆ ಹಳೆಯ ಶಬ್ದ ನಾಲಗೆಯ ತುದಿಗೆ ಬಂದು ನಿಂತದ್ದು ನನಗೆ ಕಾಣುತ್ತಿತ್ತು.

"ಆಗ್ತದೆ" ಎಂದ. "ಒಂದೇ ಒಂದು ಫೋನ್ ಮಾಡಿದ್ರೆ ಆಗ್ತದೆ."

ಮಾಡಿದ. ಎತ್ತಿದ್ದು ಅಲೀಮಮ್ಮ. ಇವನು ಸಲಾಂ ಹೇಳುವುದಕ್ಕೂ ಬಿಡಲಿಲ್ಲ. ಸ್ಪೀಕರ್ ಬೇಡ, ಅವರ ದನಿ ಹಾಗೆಯೇ ಅಂಗಡಿಗೆಲ್ಲ ಕೇಳಿಸಿತು.

"ಮನೆಗೆ ಮುಟ್ಟಿದ್ದೇವೆ. ಮುಳ್ಳು ಮಧ್ಯದಲ್ಲಿ ಉಂಟು, ಸಾರಿಗೆ ಉಪ್ಪು ಸರಿ ಉಂಟು. ಫೋನ್ ಇಡಿ ಇಲ್ಯಾಸಾಕ."

ಇಟ್ಟ. ಎದ್ದು ಹೊರಟ. ಮೆಟ್ಟಿಲು ಇಳಿದವನು ತಿರುಗಿ ಬಂದು, ನನ್ನ ಮುಖ ನೋಡದೆ, ಕಪಾಟಿನ ಬಾಗಿಲನ್ನು ಒಮ್ಮೆ ಎಳೆದು ನೋಡಿದ.